ಡ್ಯಾಮಲ್ಲಿ ನೀರಿದೆ, ಕೊನೇ ಹೊಲಕ್ಕೆ ಬಂತಾ?

ಆರು ದಿನ ಹಿಮದ ಅಡಿಯಲ್ಲಿ ಬದುಕಿದ್ದ ಮನುಷ್ಯ, ದೇಶದ ದೊಡ್ಡ ಆಸ್ಪತ್ರೆಯಲ್ಲಿ, ಅಷ್ಟೊಂದು ತಜ್ಞರ ಕೈಯಲ್ಲಿ, ಮೂರನೇ ದಿನಕ್ಕೇ ಯಾಕೆ ತೀರಿಕೊಂಡ?

ವೀಕ್ಷಕರೇ, ಈ ಪ್ರಶ್ನೆಯನ್ನ ನನಗೆ ಸ್ಟುಡಿಯೋದಲ್ಲಿ ಯಾರೂ ಕೇಳಿದ್ದಲ್ಲ. ಊರಿಗೆ ಹೋದಾಗ ಕೇಳ್ತಾರೆ. ನಾನು ಬೆಳೆದದ್ದು ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ, ಮಲಪ್ರಭಾ ಡ್ಯಾಮಿನ ಮಗ್ಗುಲಲ್ಲೇ. ಅಲ್ಲಿ ಚಹಾ ಅಂಗಡಿಗೆ ಹೋಗಿ ಕೂತರೆ ರಾಜಕೀಯ ಮುಗಿದ ಮೇಲೆ ಯಾರಾದರೊಬ್ಬರು ಶುರು ಮಾಡ್ತಾರೆ: "ನೀವು ಟಿವಿಯವರು, ನಿಮಗ ಗೊತ್ತಿರಬೇಕಲ್ರಿ. ಹಿಮದಾಗ ಬದುಕಿದಾಂವ ದವಾಖಾನ್ಯಾಗ ಯಾಕ ಸತ್ತ?"

ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಬೆಟದೂರಿನವರು. ನವಿಲುತೀರ್ಥದಿಂದ ಧಾರವಾಡ, ಹುಬ್ಬಳ್ಳಿ ದಾಟಿದರೆ ಅವರ ಸೀಮೆ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನ ಸೋನಂ ಪೋಸ್ಟ್ ಮೇಲೆ ಹಿಮಗಡ್ಡೆ ಕುಸಿಯಿತು. ಎತ್ತರ 19,600 ಅಡಿ. ಮದ್ರಾಸ್ ರೆಜಿಮೆಂಟಿನ ಹತ್ತು ಯೋಧರು ಒಳಗೆ. 8ರ ರಾತ್ರಿ, ಸುಮಾರು 25 ಅಡಿಗೂ ಆಳದ ಹಿಮ ಕೊರೆದು ತೆಗೆದಾಗ ಒಬ್ಬರಲ್ಲಿ ಉಸಿರಿತ್ತು. 9ರಂದು ದೆಹಲಿಯ ಸೇನಾ ಆಸ್ಪತ್ರೆಗೆ ತಂದರು. ಇಡೀ ಕರ್ನಾಟಕ ದೇವರ ಮುಂದೆ ದೀಪ ಹಚ್ಚಿ ಕೂತಿತ್ತು. 11ರಂದು ಬೆಳಿಗ್ಗೆ 11.45ಕ್ಕೆ ಅವರು ಹೋದರು.

ಈಗ ಉತ್ತರಕ್ಕೆ ಬರ್ತೀನಿ. ಅದರ ಅರ್ಧ ಭಾಗ ಆಸ್ಪತ್ರೆಯ ಮೊದಲ ದಿನದ ಪ್ರಕಟಣೆಯಲ್ಲೇ ಇತ್ತು, ಯಾರೂ ಗಮನಿಸಲಿಲ್ಲ ಅಷ್ಟೇ. ಡಾಕ್ಟರುಗಳು ಏನು ಹೇಳಿದ್ದರು? ಬಿಪಿ ಬಿದ್ದಿದೆ, ದೇಹದ ನೀರು ಬತ್ತಿದೆ, ಮೈ ತಣ್ಣಗಾಗಿದೆ, ಸಕ್ಕರೆ ಅಂಶ ಇಳಿದಿದೆ, ನ್ಯುಮೋನಿಯಾ ಇದೆ, ಲಿವರ್ ಮತ್ತು ಕಿಡ್ನಿ ಸರಿಯಾಗಿ ಕೆಲಸ ಮಾಡ್ತಿಲ್ಲ. ಇದರ ಜೊತೆಗೆ ಇನ್ನೊಂದು ಮಾತು: ತಣ್ಣಗಾಗಿದ್ದ ಅಂಗಗಳಿಗೆ ಮತ್ತೆ ರಕ್ತ ಹರಿಯಲು ಶುರುವಾದಾಗ ಆಗುವ ತೊಡಕುಗಳಿಂದ ಮುಂದಿನ 24ರಿಂದ 48 ಗಂಟೆ ಕಷ್ಟದ್ದು.

ಅಂದರೆ ಬಿಸಿ ಮುಟ್ಟಿದ ಮೇಲೆ ಕಷ್ಟ. ರಕ್ತ ಹರಿದ ಮೇಲೆ ಕಷ್ಟ. ಇದೆಂಥ ವಿಚಿತ್ರ ಅನಿಸುತ್ತೆ ಅಲ್ವಾ?

ಚಳಿ ಕೊಲ್ಲುತ್ತೆ, ಆದರೆ ಕೊಲ್ಲುವ ಮೊದಲು ಸ್ವಲ್ಪ ಕಾಯುತ್ತೆ ಕೂಡ. ಮೈ ತಣ್ಣಗಾದಂತೆ ಮಿದುಳು, ಹೃದಯ ಎಲ್ಲವೂ ಕಡಿಮೆ ಆಕ್ಸಿಜನ್ನಿನಲ್ಲಿ ಸಂಸಾರ ನಡೆಸುತ್ತವೆ. 1999ರಲ್ಲಿ ನಾರ್ವೆಯಲ್ಲಿ ಆನ್ನಾ ಬೋಗೆನ್‌ಹೋಮ್ ಅನ್ನೋ ಯುವ ವೈದ್ಯೆ ಸ್ಕೀಯಿಂಗ್ ಮಾಡುವಾಗ ಜಾರಿ, ಹೆಪ್ಪುಗಟ್ಟಿದ ತೊರೆಯ ಮಂಜಿನ ಅಡಿ 80 ನಿಮಿಷ ಸಿಕ್ಕಿಹಾಕಿಕೊಂಡಿದ್ದರು. ಹೃದಯ ನಿಂತಿತ್ತು, ಮೈಯ ಉಷ್ಣತೆ 13.7 ಡಿಗ್ರಿ ಸೆಲ್ಸಿಯಸ್. ಟ್ರೊಮ್ಸೊ ಆಸ್ಪತ್ರೆಯಲ್ಲಿ ಹಾರ್ಟ್-ಲಂಗ್ ಯಂತ್ರದಿಂದ ರಕ್ತವನ್ನೇ ಹೊರಗೆ ತೆಗೆದು ಬಿಸಿ ಮಾಡಿ ಒಳಗೆ ಬಿಟ್ಟರು. ಹೃದಯ ಮತ್ತೆ ಬಡಿಯಿತು. ಅಷ್ಟಕ್ಕೇ ಕಥೆ ಮುಗಿಯಲಿಲ್ಲ. ಒಂದು ತಿಂಗಳಿಗೂ ಹೆಚ್ಚು ವೆಂಟಿಲೇಟರ್, ತಿಂಗಳುಗಟ್ಟಲೆ ಕೈಕಾಲಿನ ನರಗಳ ತೊಂದರೆ. ಆಮೇಲೆ ಅದೇ ಆಸ್ಪತ್ರೆಯಲ್ಲಿ ರೇಡಿಯಾಲಜಿಸ್ಟ್ ಆಗಿ ಕೆಲಸಕ್ಕೆ ಸೇರಿದರು.

ಹನುಮಂತಪ್ಪ ಅವರದು ನಿಮಿಷಗಳ ಲೆಕ್ಕ ಅಲ್ಲ, ದಿನಗಳದ್ದು. ಅಷ್ಟು ದಿನ ರಕ್ತ ಸಾಲದೆ ಒಣಗಿದ ಅಂಗಗಳಲ್ಲಿ ಆಮ್ಲ, ಪೊಟ್ಯಾಸಿಯಂ, ಸತ್ತ ಜೀವಕೋಶಗಳ ಕಸ ತುಂಬಿರುತ್ತೆ. ರಕ್ತ ಮತ್ತೆ ಹರಿದ ಕೂಡಲೇ ಅದೆಲ್ಲ ಮೈತುಂಬ ಹೊರಡುತ್ತೆ. ದೇಹದ ರಕ್ಷಣಾ ಪಡೆ ಇದನ್ನ ಶತ್ರುವಿನ ದಾಳಿ ಅಂದುಕೊಂಡು ಎದ್ದು ನಿಲ್ಲುತ್ತೆ, ಸಣ್ಣ ರಕ್ತನಾಳಗಳು ಸೋರುತ್ತವೆ, ರಕ್ತ ಬೇಡದ ಕಡೆ ಹೆಪ್ಪುಗಟ್ಟುತ್ತೆ, ಬೇಕಾದ ಕಡೆ ಹೆಪ್ಪುಗಟ್ಟಲ್ಲ. ಕೊನೆಯ ದಿನದ ಪ್ರಕಟಣೆಗಳಲ್ಲಿ ಇದ್ದದ್ದೂ ಇದೇ: ರಕ್ತ ಹೆಪ್ಪುಗಟ್ಟುವ ವ್ಯವಸ್ಥೆ ಕೆಟ್ಟಿದೆ, ಎರಡೂ ಶ್ವಾಸಕೋಶದಲ್ಲಿ ನ್ಯುಮೋನಿಯಾ, ಮಿದುಳಿಗೆ ಆಕ್ಸಿಜನ್ ಕೊರತೆ, ಒಂದಾದ ಮೇಲೊಂದು ಅಂಗ ಸೋಲ್ತಿದೆ.

ಹಾಗಾಗಿ ಚಹಾ ಅಂಗಡಿಯ ಪ್ರಶ್ನೆಗೆ ನನ್ನ ಉತ್ತರ: ಆಸ್ಪತ್ರೆಯಲ್ಲಿ ಸತ್ತರು ಅನ್ನೋದು ಸರಿಯಲ್ಲ. ಹಿಮದ ಅಡಿಯಲ್ಲಿ ಶುರುವಾದ ಕಾಯಿಲೆ ಆಸ್ಪತ್ರೆಯಲ್ಲಿ ಮುಗಿಯಿತು. ಹೊರಗೆ ತೆಗೆದದ್ದು ರಕ್ಷಣೆ. ಚಿಕಿತ್ಸೆ ಶುರುವಾದದ್ದು ಅಲ್ಲಿಂದ ಮುಂದೆ.

ಇದನ್ನ ಇಷ್ಟು ಬಿಡಿಸಿ ಹೇಳೋಕೆ ಕಾರಣ ಇದೆ. ಸಿಯಾಚಿನ್ ನಮ್ಮ ಮನೆಗೆ ಬರಲ್ಲ. ಆದರೆ ಅದೇ ಥರದ ಕುಸಿತ ಸಾಮಾನ್ಯ ನ್ಯುಮೋನಿಯಾದಿಂದ, ಮೂತ್ರದ ಸೋಂಕಿನಿಂದ, ಹೆರಿಗೆ ಆದ ಮೇಲಿನ ಜ್ವರದಿಂದ, ಶುಗರ್ ಇದ್ದವರ ಕಾಲಿನ ಒಂದು ಗಾಯದಿಂದ ಬೈಲಹೊಂಗಲ, ರಾಮದುರ್ಗ, ಕಿತ್ತೂರಿನ ಮನೆಗಳಿಗೆ ಬರ್ತಾನೇ ಇರುತ್ತೆ. ನಮ್ಮ ಹಿರಿಯರು "ಮೈಗೆಲ್ಲ ನಂಜೇರೇತಿ" ಅಂತಿದ್ದರಲ್ಲ, ಅದು. ಡಾಕ್ಟರು ಸೆಪ್ಸಿಸ್ ಅಂತಾರೆ. 2020ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಅಂದಾಜಿನ ಪ್ರಕಾರ 2017ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ 4.89 ಕೋಟಿ ಜನಕ್ಕೆ ಸೆಪ್ಸಿಸ್ ಆಗಿತ್ತು, 1.1 ಕೋಟಿ ಜನ ಸತ್ತರು. ಜಗತ್ತಿನ ಪ್ರತಿ ಐದು ಸಾವಿನಲ್ಲಿ ಹತ್ತಿರ ಹತ್ತಿರ ಒಂದು.

ಸೋಂಕಿನ ಜೊತೆಗೆ ಮನುಷ್ಯ ಗಲಿಬಿಲಿಯಾಗಿ ಮಾತಾಡಿದರೆ, ಉಸಿರಾಟ ಜೋರಾದರೆ, ಮೂತ್ರ ಕಡಿಮೆಯಾದರೆ, ಚರ್ಮ ತಣ್ಣಗಾಗಿ ಮಚ್ಚೆಮಚ್ಚೆ ಆದರೆ, ಬೆಳಗಾಗಲಿ ಅಂತ ಕಾಯಬೇಡಿ. ಬೆಳಗಾವಿಗೋ ಧಾರವಾಡಕ್ಕೋ ಹುಬ್ಬಳ್ಳಿಗೋ, ರಾತ್ರಿಯೇ ಹೊರಡಿ. ಇದು ಮುಖ್ಯ, ಅದಕ್ಕೇ ಮೊದಲು ಹೇಳಿದ್ದು.

ಸರಿ, ಐಸಿಯು ಒಳಗೆ ಹೋದ ಮೇಲೆ ಏನಾಗುತ್ತೆ? ನಾನು ಡಾಕ್ಟರ್ ಅಲ್ಲ, ಇಂಜಿನಿಯರಿಂಗ್ ಓದಿದವನು. ನನಗೆ ಇದು ಅರ್ಥ ಆಗಿದ್ದು ನಮ್ಮ ಡ್ಯಾಮಿನಿಂದ.

ಬಿಪಿ ಅನ್ನೋದು ಡ್ಯಾಮಿನ ಗೇಜ್ ಇದ್ದ ಹಾಗೆ. ನವಿಲುತೀರ್ಥದ ರೇಣುಕಾ ಸಾಗರದ ಸಾಮರ್ಥ್ಯ 37.73 ಟಿಎಂಸಿ. ಬಹಳ ವರ್ಷ ಅದು ತುಂಬೋದಿಲ್ಲ, ತುಂಬಿದಾಗ ನಮಗೆಲ್ಲ ಹಬ್ಬ. ಆದರೆ ಗೇಜಿನಲ್ಲಿ ಮಟ್ಟ ಏರಿದ ಮಾತ್ರಕ್ಕೆ ನರಗುಂದದ ಕಾಲುವೆ ಕೊನೆಯ ಹೊಲಕ್ಕೆ ನೀರು ಹೋಗಿದೆ ಅಂತಲ್ಲ. ಈ ವ್ಯತ್ಯಾಸ ನಮ್ಮ ರೈತರಿಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿಲ್ಲ. 1980ರಲ್ಲಿ ನರಗುಂದ, ನವಲಗುಂದದಲ್ಲಿ ಬಂಡಾಯ ಎದ್ದದ್ದು ಇದೇ ಮಲಪ್ರಭೆಯ ನೀರಿನ ಕರದ ವಿಷಯಕ್ಕೆ ತಾನೇ.

ನಂಜೇರಿದ ದೇಹದಲ್ಲಿ ಕಾಲುವೆಗಳು ಸೋರುತ್ತವೆ, ಹಿಗ್ಗುತ್ತವೆ. ಬಿಪಿ ಬೀಳುತ್ತೆ. ಆಗ ಮೊದಲು ಹೊಳೆಯುವ ಉಪಾಯ ಏನು? ಮೇಲಿಂದ ಇನ್ನಷ್ಟು ನೀರು ಬಿಡಿ. ಸಲೈನ್ ಮೇಲೆ ಸಲೈನ್. ಮೊದಲಿಗೆ ಸ್ವಲ್ಪ ಬೇಕೇ ಬೇಕು, ಅದರಲ್ಲಿ ಅನುಮಾನ ಇಲ್ಲ. 2001ರಲ್ಲಿ ಅಮೆರಿಕದ ಡೆಟ್ರಾಯ್ಟ್‌ನಲ್ಲಿ ಇಮ್ಯಾನುಯೆಲ್ ರಿವರ್ಸ್ ಅನ್ನೋ ವೈದ್ಯರ ತಂಡ, ಮೊದಲ ಆರು ಗಂಟೆಯಲ್ಲಿ ಲೆಕ್ಕ ಹಾಕಿ ದ್ರವ, ರಕ್ತ, ಔಷಧ ಕೊಟ್ಟರೆ ಸಾವು 46.5 ಶೇಕಡಾದಿಂದ 30.5ಕ್ಕೆ ಇಳಿಯುತ್ತೆ ಅಂತ ತೋರಿಸಿತು. ಜಗತ್ತೇ ಆ ಸೂತ್ರ ಹಿಡಿಯಿತು. ಆಮೇಲೆ 2014, 2015ರಲ್ಲಿ ಅಮೆರಿಕ, ಆಸ್ಟ್ರೇಲಿಯಾ, ಇಂಗ್ಲೆಂಡ್ ಕಡೆ ಮೂರು ದೊಡ್ಡ ಪ್ರಯೋಗ ಆದವು. ಆ ಕಟ್ಟುನಿಟ್ಟಿನ ಸೂತ್ರಕ್ಕೂ ಸಾಮಾನ್ಯ ಒಳ್ಳೆಯ ಚಿಕಿತ್ಸೆಗೂ ವ್ಯತ್ಯಾಸವೇ ಸಿಗಲಿಲ್ಲ. ಯಾಕಂದ್ರೆ ಅಷ್ಟರಲ್ಲಿ ಎಲ್ಲ ಕಡೆ ನಂಜನ್ನ ಬೇಗ ಗುರುತಿಸೋದು, ಬೇಗ ಆಂಟಿಬಯೋಟಿಕ್ ಕೊಡೋದು ರೂಢಿಯಾಗಿತ್ತು. ಕೆಲಸ ಮಾಡಿದ್ದು ಬೇಗ ಅನ್ನೋ ಒಂದು ಪದ.

ಅತಿಯಾದ ನೀರು ಏನು ಮಾಡುತ್ತೆ? ಮಲಪ್ರಭಾ ಅಚ್ಚುಕಟ್ಟಿನಲ್ಲಿ ಸವಳು-ಜವಳಾದ ಹೊಲ ನೋಡಿದವರಿಗೆ ನಾನು ಹೇಳಬೇಕಾಗಿಲ್ಲ. ನೀರು ಹೆಚ್ಚಾಗಿ, ಬಸಿದು ಹೋಗದೆ, ಎರೆಮಣ್ಣಿನ ಒಳ್ಳೆ ಹೊಲ ಬಿಳಿ ಉಪ್ಪು ಕಾರಿ ಸತ್ತು ಹೋಗುತ್ತೆ. ಸೋರುವ ರಕ್ತನಾಳದಿಂದ ಹೊರಬಿದ್ದ ಸಲೈನ್ ಶ್ವಾಸಕೋಶದಲ್ಲಿ, ಕರುಳಿನಲ್ಲಿ, ಕೈಕಾಲಿನಲ್ಲಿ ಹಾಗೇ ನಿಲ್ಲುತ್ತೆ. ಐಸಿಯುನಲ್ಲಿ ನಿಮ್ಮವರ ಮುಖ ಊದಿಕೊಂಡು ಗುರುತೇ ಸಿಗದ ಹಾಗೆ ಆಗಿದ್ದು ನೋಡಿದ್ದೀರಲ್ಲ, ಅದರಲ್ಲಿ ಇದರ ಪಾಲು ದೊಡ್ಡದು. 2011ರಲ್ಲಿ ಉಗಾಂಡಾ, ಕೀನ್ಯಾ, ಟಾಂಜಾನಿಯಾದಲ್ಲಿ ತೀವ್ರ ಜ್ವರ ಬಂದ 3,141 ಮಕ್ಕಳ ಮೇಲೆ ನಡೆದ ಅಧ್ಯಯನ ವೈದ್ಯರನ್ನೇ ಬೆಚ್ಚಿ ಬೀಳಿಸಿತು. ಬೇಗಬೇಗ ದ್ರವ ಏರಿಸಿದ ಮಕ್ಕಳಲ್ಲಿ 48 ಗಂಟೆಯೊಳಗೆ ಸತ್ತವರು ಶೇಕಡಾ 10.5ರ ಆಸುಪಾಸು. ಹಾಗೆ ಏರಿಸದ ಮಕ್ಕಳಲ್ಲಿ 7.3. ಒಳ್ಳೇದು ಮಾಡ್ತೀವಿ ಅಂದುಕೊಂಡು ಕೊಟ್ಟದ್ದೇ ಕೆಡುಕಾಗಿತ್ತು.

ಹಾಗಂತ ಕಡಿಮೆ ಕೊಟ್ಟರೆ ಸಾಕು ಅಂತಲೂ ಅಲ್ಲ. 2023ರಲ್ಲಿ ಅಮೆರಿಕದಲ್ಲಿ 1,563 ವಯಸ್ಕ ರೋಗಿಗಳಲ್ಲಿ ಕಡಿಮೆ ದ್ರವ, ಹೆಚ್ಚು ದ್ರವ ಎರಡನ್ನೂ ಹೋಲಿಸಿ ನೋಡಿದರು. ಸಾವಿನಲ್ಲಿ ವ್ಯತ್ಯಾಸ ಇರಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಲೆಕ್ಕ. ಹಾಗಾದ್ರೆ ಆ ಲೆಕ್ಕ ಗೊತ್ತಾಗೋದು ಹೇಗೆ?

ಇಲ್ಲಿ ನನಗೆ ತುಂಬಾ ಇಷ್ಟವಾದ ಸಂಶೋಧನೆ ಬರುತ್ತೆ. ನಿಮ್ಮ ಬೆರಳಿನ ತುದಿ ಒತ್ತಿ ನೋಡಿ. ಬೆಳ್ಳಗಾಗುತ್ತೆ. ಬಿಟ್ಟರೆ ಮತ್ತೆ ಕೆಂಪಾಗುತ್ತೆ. ಎಷ್ಟು ಸೆಕೆಂಡಿಗೆ ಕೆಂಪಾಯ್ತು ಅನ್ನೋದು ರಕ್ತ ತುದಿಯವರೆಗೆ ಹರೀತಿದೆಯಾ ಅನ್ನೋದಕ್ಕೆ ಸಾಕ್ಷಿ. ದಕ್ಷಿಣ ಅಮೆರಿಕದ ಐದು ದೇಶಗಳ 28 ಆಸ್ಪತ್ರೆಗಳಲ್ಲಿ, ನಂಜೇರಿ ಬಿಪಿ ಬಿದ್ದ 424 ರೋಗಿಗಳನ್ನ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ರಕ್ತದಲ್ಲಿ ಲ್ಯಾಕ್ಟೇಟ್ ಪರೀಕ್ಷೆ ಮಾಡಿ ಅದರ ಪ್ರಕಾರ ಚಿಕಿತ್ಸೆ. ಇನ್ನೊಂದು ಗುಂಪಿಗೆ ಗಾಜಿನ ತುಂಡಿನಿಂದ ಬೆರಳ ತುದಿಯನ್ನ 10 ಸೆಕೆಂಡ್ ಒತ್ತಿ ಬಿಟ್ಟು, 3 ಸೆಕೆಂಡಿನೊಳಗೆ ಬಣ್ಣ ಬಂತಾ ಅಂತ ಅರ್ಧ ಗಂಟೆಗೊಮ್ಮೆ ನೋಡಿ ಅದರ ಪ್ರಕಾರ ಚಿಕಿತ್ಸೆ. 2019ರಲ್ಲಿ ಫಲಿತಾಂಶ ಬಂತು. ಲ್ಯಾಕ್ಟೇಟ್ ಗುಂಪಿನಲ್ಲಿ 28 ದಿನದೊಳಗೆ ಸತ್ತವರು ಶೇಕಡಾ 43.4, ಬೆರಳು ಒತ್ತಿದ ಗುಂಪಿನಲ್ಲಿ 34.9. ಸಂಖ್ಯಾಶಾಸ್ತ್ರದ ಕಟ್ಟುನಿಟ್ಟಿನಲ್ಲಿ ಇದನ್ನ ಗೆಲುವು ಅಂತ ಘೋಷಿಸೋಕೆ ಕೂದಲೆಳೆ ಸಾಲಲಿಲ್ಲ. 2025ರಲ್ಲಿ 19 ದೇಶಗಳಲ್ಲಿ ನಡೆದ ಎರಡನೇ ಪ್ರಯೋಗ ಬಂತು. ಅಲ್ಲಿ ಸಾವಿನ ಪ್ರಮಾಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಆದರೆ ಬೆರಳು ನೋಡಿ ಚಿಕಿತ್ಸೆ ಕೊಟ್ಟವರು ಯಂತ್ರ, ಬಿಪಿ ಔಷಧಗಳ ಆಸರೆಯಿಂದ ಬೇಗ ಹೊರಬಂದರು.

ಅಂದರೆ ಗೇಜ್ ಒಂದನ್ನೇ ನೋಡಬೇಡಿ, ಕೊನೇ ಹೊಲಕ್ಕೆ ನೀರು ಬಂತಾ ಅಂತ ಹೋಗಿ ನೋಡಿ ಬನ್ನಿ. ಇದಕ್ಕೆ ಕೋಟಿ ರೂಪಾಯಿ ಯಂತ್ರ ಬೇಡ. ತಾಲ್ಲೂಕು ಆಸ್ಪತ್ರೆಯ ನರ್ಸ್ ಕೂಡ ಮಾಡಬಹುದು. ಒಂದು ಎಚ್ಚರಿಕೆ: ಮನೆಯಲ್ಲಿ ಬೆರಳು ಒತ್ತಿ ನೀವೇ ತೀರ್ಪು ಕೊಡಬೇಡಿ. ಚಳಿ ಇದ್ದರೆ, ಬೆಳಕು ಮಬ್ಬಾಗಿದ್ದರೆ, ವಯಸ್ಸಾಗಿದ್ದರೆ ಲೆಕ್ಕ ತಪ್ಪುತ್ತೆ.

ಶ್ವಾಸಕೋಶದ ಕಥೆಯೂ ಇದೇ ದಾರಿಯದ್ದು. ಐಸಿಯು ಅನ್ನೋದು ಹುಟ್ಟಿದ್ದೇ ಉಸಿರಿಗಾಗಿ. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೋ ಹಬ್ಬಿದಾಗ ಬ್ಯೋರ್ನ್ ಇಬ್ಸನ್ ಅನ್ನೋ ಅರಿವಳಿಕೆ ತಜ್ಞ, ಗಂಟಲಿಗೆ ಕೊಳವೆ ಹಾಕಿ ಕೈಯಿಂದ ರಬ್ಬರ್ ಚೀಲ ಒತ್ತಿ ಗಾಳಿ ಕೊಡಿಸಿದ. ಒತ್ತಿದವರು ಸುಮಾರು 1,500 ವಿದ್ಯಾರ್ಥಿಗಳು, ಪಾಳಿ ಹಾಕಿಕೊಂಡು, ಹಗಲೂ ರಾತ್ರಿ, ವಾರಗಟ್ಟಲೆ. ಆಮೇಲೆ ಆ ಕೈಗಳ ಜಾಗಕ್ಕೆ ಯಂತ್ರ ಬಂತು. ಯಂತ್ರಕ್ಕೆ ಎಷ್ಟು ಗಾಳಿ ನೂಕಬೇಕು ಅಂತ ಹೇಳೋರು ಬೇಕಲ್ಲ? ಬಹಳ ಕಾಲ ದೊಡ್ಡ ಉಸಿರನ್ನೇ ನೂಕ್ತಿದ್ದರು. 2000ದಲ್ಲಿ ಅಮೆರಿಕದಲ್ಲಿ 861 ರೋಗಿಗಳ ಪ್ರಯೋಗ ನಡೆಯಿತು. ಒಂದು ಉಸಿರಿಗೆ ದೇಹದ ಪ್ರತಿ ಕಿಲೋಗೆ 12 ಮಿಲಿಲೀಟರ್ ಬದಲು 6 ಮಿಲಿಲೀಟರ್ ಕೊಟ್ಟರು, ಬರೀ ಅಷ್ಟೇ. ಸಾವು ಶೇಕಡಾ 39.8ರಿಂದ 31ಕ್ಕೆ ಇಳಿಯಿತು. ಹೊಸ ಔಷಧ ಇಲ್ಲ, ಹೊಸ ಯಂತ್ರ ಇಲ್ಲ, ಒಂದು ನಾಬ್ ತಿರುಗಿಸಿದ್ದು. ಹದಗೆಟ್ಟ ಶ್ವಾಸಕೋಶವನ್ನ ಬಲೂನಿನ ಹಾಗೆ ಊದಿದರೆ ಹರಿಯುತ್ತೆ ಅನ್ನೋದು ತಿಳಿಯಿತು.

2013ರಲ್ಲಿ ಫ್ರಾನ್ಸ್, ಸ್ಪೇನ್‌ನಲ್ಲಿ ರೋಗಿಯನ್ನ ದಿನಕ್ಕೆ 16 ಗಂಟೆಯಷ್ಟು ಬೋರಲು ಮಲಗಿಸಿ ನೋಡಿದರು. ತೀವ್ರ ಶ್ವಾಸಕೋಶದ ಕಾಯಿಲೆ ಇದ್ದವರಲ್ಲಿ ಸಾವು ಶೇಕಡಾ 32.8ರಿಂದ 16ಕ್ಕೆ ಬಂತು. ಅರ್ಧಕ್ಕರ್ಧ! ಕೋವಿಡ್ ಕಾಲದಲ್ಲಿ ನೀವು ಟಿವಿಯಲ್ಲಿ ನೋಡಿದ ಬೋರಲು ಮಲಗಿದ ರೋಗಿಗಳು ಈ ಪ್ರಯೋಗದ ಫಲ. ಕೋವಿಡ್ ಕಾಲದ್ದೇ ಇನ್ನೊಂದು, ಡೆಕ್ಸಾಮೆಥಾಸೋನ್. ಹಳೇ ಸ್ಟೀರಾಯ್ಡ್, ಯಾವ ಔಷಧ ಅಂಗಡಿಯಲ್ಲೂ ಸಿಗುವ ಅಗ್ಗದ ಔಷಧ. 2020ರ ಬ್ರಿಟನ್ನಿನ ಪ್ರಯೋಗದಲ್ಲಿ ವೆಂಟಿಲೇಟರ್ ಮೇಲಿದ್ದವರ ಸಾವು ಶೇಕಡಾ 41.4ರಿಂದ 29.3ಕ್ಕೆ ಇಳಿಯಿತು. ಆಕ್ಸಿಜನ್ನೇ ಬೇಡದವರಿಗೆ ಅದೇ ಔಷಧದಿಂದ ಲಾಭ ಇರಲಿಲ್ಲ. ಆಗ ಲಕ್ಷಗಟ್ಟಲೆ ಕೊಟ್ಟು ಬ್ಲ್ಯಾಕ್‌ನಲ್ಲಿ ಇಂಜೆಕ್ಷನ್ ಹುಡುಕಿಕೊಂಡು ಅಲೆದವರ ಮುಖ ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತೆ.

ಇನ್ನು ನಿದ್ದೆಯ ಔಷಧ. ವೆಂಟಿಲೇಟರ್ ಹಾಕಿದರೆ ಪ್ರಜ್ಞೆ ತಪ್ಪಿಸಿ ಮಲಗಿಸಿಬಿಡೋದು ಹಿಂದಿನ ಪದ್ಧತಿ. ಹಿಂಸೆ ಗೊತ್ತಾಗದಿರಲಿ ಅನ್ನೋ ಕರುಣೆಯಿಂದಲೇ. 2000ದಲ್ಲಿ ಶಿಕಾಗೊದಲ್ಲಿ 128 ರೋಗಿಗಳಲ್ಲಿ, ದಿನಕ್ಕೊಮ್ಮೆ ಆ ಔಷಧ ನಿಲ್ಲಿಸಿ ಎಬ್ಬಿಸಿ ನೋಡಿದರು. ವೆಂಟಿಲೇಟರ್ ಮೇಲಿನ ಅವಧಿ 7.3 ದಿನದಿಂದ 4.9ಕ್ಕೆ ಬಂತು. 2009ರಲ್ಲಿ ಇನ್ನೂ ಮುಂದೆ ಹೋದರು. ವೆಂಟಿಲೇಟರ್ ಇದ್ದಾಗಲೇ ಎಬ್ಬಿಸಿ ಕೂರಿಸಿ, ನಿಲ್ಲಿಸಿ, ನಡೆಸಿದರು. ಬಿಡುಗಡೆ ಹೊತ್ತಿಗೆ ತಮ್ಮ ಕೆಲಸ ತಾವೇ ಮಾಡಿಕೊಳ್ಳುವ ಸ್ಥಿತಿಗೆ ಬಂದವರು ಶೇಕಡಾ 59, ಉಳಿದ ಗುಂಪಿನಲ್ಲಿ 35. ಹಾಗಂತ ಜೋರು ಮಾಡಿದರೆ? 2022ರಲ್ಲಿ ಅದನ್ನೂ ನೋಡಿದರು. 750 ರೋಗಿಗಳಲ್ಲಿ ಮಾಮೂಲಿಗಿಂತ ಹೆಚ್ಚು ಎಬ್ಬಿಸಿ ನಡೆಸಿದರೆ ಹೆಚ್ಚಿನ ಲಾಭ ಸಿಗಲಿಲ್ಲ, ತೊಂದರೆಗಳು ಹೆಚ್ಚಾದವು. ಎಷ್ಟು ಬೇಕೋ ಅಷ್ಟು.

ಇಷ್ಟೆಲ್ಲ ಆಗಿ ರೋಗಿ ಬದುಕಿದ. ಡಿಸ್ಚಾರ್ಜ್ ಆಯ್ತು. ಮನೆಯವರು ಆಂಬುಲೆನ್ಸ್‌ನಿಂದ ಇಳಿಸಿ, ಬಾಗಿಲಲ್ಲಿ ಆರತಿ ಎತ್ತಿ, ಯಲ್ಲಮ್ಮನಿಗೆ ಹರಕೆ ತೀರಿಸ್ತಾರೆ. ನನಗೆ ನಿಜವಾಗಿ ಹೇಳಬೇಕಾದ್ದು ಇಲ್ಲಿಂದ ಮುಂದಿನದು.

ನಮ್ಮ ಸೋದರಮಾವ ಒಬ್ಬರಿದ್ದಾರೆ. ಕಿರಾಣಿ ಅಂಗಡಿ. ಕ್ಯಾಲ್ಕುಲೇಟರ್ ಮುಟ್ಟಿದವರಲ್ಲ, ನೂರು ಸಾಮಾನಿನ ಬಿಲ್ಲನ್ನ ಬಾಯಲ್ಲೇ ಹೇಳ್ತಿದ್ದರು. ನ್ಯುಮೋನಿಯಾ ಆಗಿ, ನಂಜೇರಿ, 19 ದಿನ ಐಸಿಯು. ಹೊಲದ ಮೇಲೆ ಸಾಲ ಎತ್ತಿ ಬಿಲ್ ಕಟ್ಟಿದ್ದು. ಬದುಕಿ ಬಂದರು. ಬಂದ ಮೇಲೆ ಮೆಟ್ಟಿಲು ಹತ್ತೋಕೆ ಆಗಲ್ಲ. ಚಮಚ ಹಿಡಿದರೆ ಕೈ ನಡುಗುತ್ತೆ. ರಾತ್ರಿ ಎದ್ದು ಕೂತು, ಆಸ್ಪತ್ರೆಯಲ್ಲಿ ನನ್ನನ್ನ ಕಟ್ಟಿಹಾಕಿ ಮಾರೋಕೆ ನೋಡಿದರು, ಮಾಳಿಗೆ ತುಂಬ ಹಾವಿದ್ದವು ಅಂತಾರೆ. ಅಂಗಡಿಯಲ್ಲಿ ಐದು ನೂರರ ನೋಟಿಗೆ ಚಿಲ್ಲರೆ ಕೊಡೋಕೆ ತಡವರಿಸ್ತಾರೆ. ಮನೆಯಲ್ಲಿ ಏನಂದರು? "ದವಾಖಾನಿಯಿಂದ ಬಂದ ಮ್ಯಾಲ ಮೈಗಳ್ಳ ಆಗ್ಯಾನ." ಇನ್ನೊಬ್ಬರು "ಯಾರೋ ಏನೋ ಮಾಡಿಸ್ಯಾರ" ಅಂದರು. ಡಿಸ್ಚಾರ್ಜ್ ಪತ್ರದಲ್ಲಿ ಮಾತ್ರೆಗಳ ಹೆಸರು ಇದ್ದವು, ಇದರ ಬಗ್ಗೆ ಒಂದು ಸಾಲು ಇರಲಿಲ್ಲ.

ಇದು ಮೈಗಳ್ಳತನ ಅಲ್ಲ, ಮಾಟವೂ ಅಲ್ಲ. ಇದಕ್ಕೊಂದು ಹೆಸರಿದೆ. ಐಸಿಯು ನಂತರದ ಸಿಂಡ್ರೋಮ್ ಅಂತ ವೈದ್ಯರು 2010ರಿಂದೀಚೆಗೆ ಕರೀತಾರೆ. ಮೈ, ಬುದ್ಧಿ, ಮನಸ್ಸು ಮೂರಕ್ಕೂ ಪೆಟ್ಟು. ಮೈಯದ್ದು ತಗೊಳ್ಳಿ. 2013ರಲ್ಲಿ ಲಂಡನ್ನಿನಲ್ಲಿ ಐಸಿಯು ರೋಗಿಗಳ ತೊಡೆಯ ಸ್ನಾಯುವನ್ನ ಸ್ಕ್ಯಾನ್ ಮಾಡಿ ಅಳೆದರು. ಹತ್ತೇ ದಿನದಲ್ಲಿ ಸ್ನಾಯುವಿನ ಗಾತ್ರ ಸರಾಸರಿ ಶೇಕಡಾ 17.7 ಕರಗಿತ್ತು. ದೇಹ ತನ್ನ ಸ್ನಾಯುವನ್ನ ತಾನೇ ಉರಿಸಿಕೊಂಡು ಬದುಕಿರುತ್ತೆ. ಕೆನಡಾದಲ್ಲಿ ತೀವ್ರ ಶ್ವಾಸಕೋಶ ವೈಫಲ್ಯದಿಂದ ಬದುಕಿದ 109 ಜನರನ್ನ ಹಿಂಬಾಲಿಸಿದರು, 2003ರಲ್ಲಿ ವರದಿ ಬಂತು. ಒಂದು ವರ್ಷದ ನಂತರ ಕೆಲಸಕ್ಕೆ ಮರಳಿದವರು ಶೇಕಡಾ 49 ಮಾತ್ರ. ಗಮನಿಸಿ, ಅವರಲ್ಲಿ ಬಹಳ ಜನ ನಡುವಯಸ್ಸಿನವರು.

ಬುದ್ಧಿಯದ್ದು ಇನ್ನೂ ಗಂಭೀರ. 2013ರಲ್ಲಿ ಅಮೆರಿಕದಲ್ಲಿ 821 ರೋಗಿಗಳ ಅಧ್ಯಯನ ಬಂತು. ಆಸ್ಪತ್ರೆಯಲ್ಲಿದ್ದಾಗ ಶೇಕಡಾ 74 ಜನಕ್ಕೆ ಡಿಲೀರಿಯಂ ಆಗಿತ್ತು. ನಮ್ಮ ಕಡೆ ಸನ್ನಿ ಅಂತಾರಲ್ಲ, ಅದೇ. ಒಂದು ವರ್ಷ ಕಳೆದ ಮೇಲೂ ಬದುಕಿದವರಲ್ಲಿ ಮೂವರಲ್ಲಿ ಒಬ್ಬರ ಬುದ್ಧಿಯ ಪರೀಕ್ಷೆಯ ಅಂಕ, ತಲೆಗೆ ಸಾಕಷ್ಟು ಪೆಟ್ಟು ಬಿದ್ದವರ ಮಟ್ಟದಲ್ಲಿತ್ತು. ನಾಲ್ವರಲ್ಲಿ ಒಬ್ಬರದು ಆರಂಭದ ಆಲ್ಜೈಮರ್ ರೋಗಿಯ ಮಟ್ಟದಲ್ಲಿ. ಮುದುಕರಿಗೆ ಮಾತ್ರ ಅಲ್ಲ, ವಯಸ್ಸಿನವರಿಗೂ. ಸನ್ನಿ ಎಷ್ಟು ಹೆಚ್ಚು ದಿನ ಇತ್ತೋ ಅಷ್ಟು ಹೆಚ್ಚು ಪೆಟ್ಟು. ನಮ್ಮ ಮಾವ ನೋಡಿದ ಹಾವುಗಳಿಗೂ ಅಂಗಡಿಯಲ್ಲಿ ತಪ್ಪುವ ಚಿಲ್ಲರೆಗೂ ಸಂಬಂಧ ಇದೆ ಅನ್ನೋದು ಮನೆಯವರಿಗೆ ಗೊತ್ತಾದ ದಿನ ಬೈಗುಳ ನಿಂತಿತು. ಅರ್ಧ ಔಷಧ ಅದೇ ಅಂತ ನಾನು ನಂಬ್ತೀನಿ.

ಹಾಗಾದ್ರೆ ಐಸಿಯು ಬಾಗಿಲ ಹೊರಗೆ ಚಾಪೆ ಹಾಸಿಕೊಂಡು ಕೂತ ನೀವು ಮಾಡಬಹುದಾದ್ದು ಏನು? ನಾವು ಕೇಳೋದು ಎರಡೇ ಪ್ರಶ್ನೆ, "ಬದುಕ್ತಾರಾ ಸಾರ್?" ಮತ್ತೆ "ಎಷ್ಟಾಗುತ್ತೆ ಸಾರ್?" ಎರಡೂ ಕೇಳಲೇಬೇಕು. ಜೊತೆಗೆ ಇವನ್ನೂ ಕೇಳಿ. ಇವತ್ತು ನಿದ್ದೆ ಔಷಧ ಕಡಿಮೆ ಮಾಡಿ ಎಬ್ಬಿಸಿದ್ರಾ? ಕೂರಿಸಿದ್ರಾ? ಎಷ್ಟು ನೀರು ಹೋಗಿದೆ, ಎಷ್ಟು ಹೊರಬಂದಿದೆ? ಫಿಸಿಯೋಥೆರಪಿಯವರು ಬಂದಿದ್ರಾ? ಅವರ ಕನ್ನಡಕ, ಕಿವಿಯ ಮಷೀನು ಕೊಡಬಹುದಾ? ಕೊನೆಯದು ಸಣ್ಣದು ಅನಿಸುತ್ತೆ, ಆದರೆ ಕಣ್ಣೂ ಕಾಣದೆ ಕಿವಿಯೂ ಕೇಳದೆ, ಹಗಲೋ ರಾತ್ರಿಯೋ ತಿಳಿಯದೆ ಮಲಗಿದವರಿಗೆ ಸನ್ನಿ ಬೇಗ ಹಿಡಿಯುತ್ತೆ. ದಬಾಯಿಸಿ ಕೇಳಬೇಡಿ. ಒಳಗೆ ಒಬ್ಬ ನರ್ಸ್ ಎಷ್ಟು ಜನರನ್ನ ನೋಡ್ತಿರ್ತಾರೆ ಅನ್ನೋದು ನೆನಪಿರಲಿ.

ಭೇಟಿ ಸಮಯದ ಬಗ್ಗೆಯೂ ಒಂದು ಪ್ರಯೋಗ ಇದೆ. 2019ರಲ್ಲಿ ಬ್ರೆಜಿಲ್‌ನ 36 ಐಸಿಯುಗಳಲ್ಲಿ ಕುಟುಂಬದವರಿಗೆ ದಿನಕ್ಕೆ 12 ಗಂಟೆವರೆಗೆ ಒಳಗಿರಲು ಬಿಟ್ಟರು. ರೋಗಿಗಳ ಸನ್ನಿ ಕಡಿಮೆಯಾಗಲಿಲ್ಲ, ಸೋಂಕು ಹೆಚ್ಚಾಗಲೂ ಇಲ್ಲ. ಮನೆಯವರ ಆತಂಕ, ಖಿನ್ನತೆ ಮಾತ್ರ ಕಡಿಮೆಯಾಯಿತು. ನಮ್ಮಲ್ಲಿ ಒಬ್ಬ ರೋಗಿಯ ಹಿಂದೆ ಇಡೀ ಊರು ಬರುತ್ತೆ, ಟೆಂಪೋ ಮಾಡಿಕೊಂಡು. ಹದಿನೈದು ಜನ ಬೇಡ, ಒಬ್ಬರೇ ಇರಿ, ಕೈ ತೊಳೆದುಕೊಂಡು ಹೋಗಿ, ಹೆಸರು ಹಿಡಿದು ಕರೆಯಿರಿ, ಇವತ್ತು ಯಾವ ವಾರ ಅಂತ ಹೇಳಿ.

ಮನೆಗೆ ಬಂದ ಮೇಲೆ ಒಂದು ವರ್ಷದ ಲೆಕ್ಕ ಇಟ್ಟುಕೊಳ್ಳಿ, ಒಂದು ವಾರದ್ದಲ್ಲ. ಬೇಳೆ, ಮೊಟ್ಟೆ, ಹಾಲು ಏನು ಒಗ್ಗುತ್ತೋ ಅದು. ಗಂಟಲಲ್ಲಿ ಕೊಳವೆ ಇದ್ದವರಿಗೆ ನುಂಗುವಾಗ ಕೆಮ್ಮು ಬಂದರೆ ಡಾಕ್ಟರಿಗೆ ಹೇಳಿ. ಇವತ್ತು ಅಂಗಳದವರೆಗೆ, ಮುಂದಿನ ವಾರ ಗುಡಿಯವರೆಗೆ ನಡೆಸಿ. ಲೆಕ್ಕಪತ್ರ, ಬ್ಯಾಂಕು, ಹೊಲದ ಕಾಗದಕ್ಕೆ ಸಹಿ ಹಾಕಿಸೋದು ಕೆಲವು ತಿಂಗಳು ಬೇಡ. ಬೈಕ್ ಕೀಲಿ ಕೊಡಬೇಡಿ.

ಇನ್ನೊಂದು ಕೆಲಸಕ್ಕೆ ಕಾಸು ಖರ್ಚಿಲ್ಲ. ಹತ್ತು ರೂಪಾಯಿಯ ನೋಟ್‌ಬುಕ್ ತಗೊಂಡು ಐಸಿಯು ದಿನಚರಿ ಬರೆಯೋದು. ಯುರೋಪಿನ 12 ಆಸ್ಪತ್ರೆಗಳಲ್ಲಿ ನರ್ಸುಗಳು ಮತ್ತು ಮನೆಯವರು ಸೇರಿ ರೋಗಿಯ ಪ್ರತಿದಿನವನ್ನ ಬರೆದಿಟ್ಟರು, ಚೇತರಿಸಿಕೊಂಡ ಮೇಲೆ ಅವರ ಕೈಗೆ ಕೊಟ್ಟರು. 2010ರ ವರದಿಯಲ್ಲಿ 352 ರೋಗಿಗಳ ಲೆಕ್ಕ ಇದೆ. ಆಘಾತದ ನೆನಪಿನ ಕಾಯಿಲೆ ಹೊಸದಾಗಿ ಬಂದವರು, ದಿನಚರಿ ಕೈಗೆ ಸಿಕ್ಕವರಲ್ಲಿ ಶೇಕಡಾ 5, ಸಿಗದವರಲ್ಲಿ 13.1. ಆಮೇಲೆ 2019ರಲ್ಲಿ ಫ್ರಾನ್ಸಿನಲ್ಲಿ ನಡೆದ ಇನ್ನೊಂದು ಪ್ರಯೋಗದಲ್ಲಿ ಅಂಥ ಲಾಭ ಕಾಣಲಿಲ್ಲ. ಆದರೂ ನಾನು ಬರೆಯಿರಿ ಅಂತಲೇ ಹೇಳ್ತೀನಿ. ನಷ್ಟ ಏನೂ ಇಲ್ಲವಲ್ಲ.

ದೊಡ್ಡದೇನೂ ಬರೆಯಬೇಕಾಗಿಲ್ಲ. ತಾರೀಖು ಹಾಕಿ. ಇವತ್ತು ಕೊಳವೆ ತೆಗೆದರು, ನೀನು ನೀರು ಕೇಳಿದೆ. ಇವತ್ತು ಕೈ ಕಟ್ಟಿದ್ದರು, ನೀನು ಕೊಳವೆ ಕಿತ್ತುಕೊಳ್ಳೋಕೆ ಹೋಗಿದ್ದೆ ಅದಕ್ಕೆ, ಸಂಜೆ ಬಿಚ್ಚಿದರು. ಅಂಗಡಿ ತಮ್ಮ ನೋಡಿಕೊಳ್ತಿದ್ದಾನೆ. ಊರಲ್ಲಿ ಮಳೆ ಆಯ್ತು, ಡ್ಯಾಮಿಗೆ ನೀರು ಬರ್ತಿದೆ. ನಮ್ಮ ಮಾವನ ಮಗಳು ಹಾಗೆ ಬರೆದಿಟ್ಟಿದ್ದು ಒಟ್ಟು 11 ಪುಟ. ಕೈ ಕಟ್ಟಿದ್ದ ದಿನದ ಪುಟವನ್ನ ಮಾವ ಎರಡು ಸಲ ಓದಿಸಿಕೊಂಡರು. ಆಮೇಲೆ ಮಾಳಿಗೆಯ ಹಾವಿನ ಬಗ್ಗೆ ಏನಾದರೂ ಬರೆದಿದ್ದೀಯಾ ಅಂತ ಕೇಳಿದರು. ಇಲ್ಲ ಅಂದಳು.